ಫ್ಲೆಕ್ಸಿನಲ್ಲಿದ್ದವಳು ನಮ್ಮವ್ವ ಅಲ್ಲ

“ಇದು ಯಾರ ಬಗ್ಗಿ ಬರೆಸೀಯೋ?”

ಅವ್ವನ ದಿನಕರ್ಮಕ್ಕೆ ದೇವದುರ್ಗದ ನಮ್ಮ ಮನೆಗೆ ಬಂದ ಚಿಕ್ಕವ್ವ, ಬಾಗಿಲಿಗೆ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಮಗಳಿಂದ ಓದಿಸಿಕೊಂಡು ಕೇಳಿದಳು. ‘ಮೃದುಭಾಷಿ, ಎಂದೂ ದನಿ ಎತ್ತದ ಶಾಂತಮೂರ್ತಿ’ ಎಂದಿತ್ತು ಅದರಲ್ಲಿ.

“ನಮ್ಮಕ್ಕ ಒಮ್ಮಿ ಒದರಿದ್ರ ಹಳ್ಳದ ಆಚಿ ದಂಡಿಗಿದ್ದ ಕುರಿ ಹೊಳ್ಳಿ ಬರ್ತಿದ್ವು!”

ಗದ್ವಾಲಿನ ಬೀಗರಿಗೆಂದು ಕೆಳಗೆ ತೆಲುಗಿನಲ್ಲೂ ಹಾಕಿಸಿದ್ದೆ. ಅವರೂ ಓದಿದರು, ಅವ್ವನ ಫೋಟೋ ನೋಡಿದರು, ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಸಾವಿನ ಮನೆಯಲ್ಲಿ!

ಸಿಟ್ಟು ನೆತ್ತಿಗೇರಿ ರಾಯಚೂರಿನ ಫ್ಲೆಕ್ಸ್ ಅಂಗಡಿಗೆ ಫೋನ್ ಹಚ್ಚಿದೆ. ನಾನು ಕೊಟ್ಟಿದ್ದು ಹೆಸರು, ಫೋಟೋ ಅಷ್ಟೇ. ಉಳಿದದ್ದನ್ನು ಕಂಪ್ಯೂಟರೇ ಬರೆಯಿತಂತೆ.

“ಎಐಗೆ ಹೇಳಿದ್ರ ಯಾವ ಭಾಷಾದಾಗ ಬೇಕಾದ್ರೂ ಬರೀತದ್ರೀ. ಎರಡರಾಗೂ ಒಂದು ತಪ್ಪು ತೋರಸ್ರಿ, ನೋಡಮ!” ಎಂದ ಆ ಪುಣ್ಯಾತ್ಮ. ಹಾಗಾದರೆ ತಪ್ಪು ನಮ್ಮವ್ವನದೇ ಇರಬೇಕು!

ಫೋಟೋ ಕತ್ತರಿಸಿ ಗೋಡೆಗೆ ಹಚ್ಚಿದ್ದೇನೆ. ಅಕ್ಷರದ ಭಾಗ ಕುರಿದೊಡ್ಡಿಯ ಮೇಲೆ ಬಿಸಿಲಿಗೆ ಅಡ್ಡವಾಗಿದೆ. ಅದರ ಕೆಳಗೆ ನಿಂತು ದಿನಾ ಗಂಟಲು ಹರಿಯುವಂತೆ ಕೂಗುತ್ತೇನೆ. ಒಂದು ಕುರಿಯೂ ತಲೆ ಎತ್ತುವುದಿಲ್ಲ.