ಇಪ್ಪತ್ತೆರಡು ಗೀಟು

೧೯೯೮ರ ನವೆಂಬರ್ ೧೪, ಶನಿವಾರ. ನನ್ನ ಲೆಕ್ಕದ ಪುಸ್ತಕದ ಆ ದಿನದ ಪುಟದಲ್ಲಿ ಎರಡು ಸಾಲು ಗೀಟುಗಳಿವೆ. ಮೇಲಿನ ಸಾಲು ಮಕ್ಕಳದ್ದು, ಇಪ್ಪತ್ತೆರಡು. ಕೆಳಗಿನದು ಇಂಬಳಗಳದ್ದು, ಅಂದರೆ ಕಾಡಿನ ಜಿಗಣೆಗಳದ್ದು, ಮೂವತ್ತೊಂದು. ಇಂಬಳದ ಲೆಕ್ಕ ಸರಿಯಾಗಿದೆ. ಮಕ್ಕಳ ಲೆಕ್ಕದಲ್ಲಿ ಒಂದು ಗೀಟು ಹೆಚ್ಚಾಗಿದೆ. ಆ ಒಂದು ಗೀಟಿನಿಂದಾಗಿ, ತೊಡೆ ಮುರಿದ ಆರು ವರ್ಷದ ಹುಡುಗಿಯೊಬ್ಬಳು ಎರಡೂವರೆ ಗಂಟೆ ತೋಟದಂಚಿನ ಆಳವಾದ ಅಗಳಿನಲ್ಲಿ ಬಿದ್ದಿದ್ದಳು. ನಮ್ಮ ಶಾಲೆಯಲ್ಲಿ ಒಂಬತ್ತು ವರ್ಷ ದುಡಿದ ಆಯಮ್ಮನ ಕೆಲಸವೂ ಅದರಿಂದಲೇ ಹೋಯಿತು. ಗೀಟು ಎಳೆದವಳು ನಾನು.

ನನಗಾಗ ಇಪ್ಪತ್ತು ವರ್ಷ. ಬಾಳೂರಿನ ಹತ್ತಿರ ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿದ್ದ ಚಿಕ್ಕ ಶಾಲೆಗೆ ಟೀಚರಾಗಿ ಸೇರಿ ಐದು ತಿಂಗಳು ಎಂಟು ದಿನ ಆಗಿತ್ತು. ಶಿಶುವಿಹಾರ ಮತ್ತು ಒಂದನೇ ಕ್ಲಾಸು, ಅಷ್ಟೇ. ಶಾಲೆ ನಡೆಸುತ್ತಿದ್ದ ಮೇಡಂ, ನಾನು, ಆಯಮ್ಮ, ಮೂರೇ ಜನ. ದಿನಾ ಎಷ್ಟು ಮಕ್ಕಳು ಬಂದರು, ಎಷ್ಟು ಜನ ಅತ್ತರು, ಎಷ್ಟು ಚಡ್ಡಿ ಬದಲಾಯಿಸಬೇಕಾಯಿತು ಎಂಬುದನ್ನೆಲ್ಲ ನಾನು ಬರೆದಿಡುತ್ತಿದ್ದೆ. ಮೇಡಂಗೆ ಅದು ಬಹಳ ಇಷ್ಟವಾಗಿತ್ತು. ಬಂದವರಿಗೆಲ್ಲ ನನ್ನ ಪುಸ್ತಕ ತೋರಿಸುತ್ತಿದ್ದರು. ಆಯಮ್ಮ ಮಾತ್ರ ನಗುತ್ತಿದ್ದಳು. "ಬರೀರಿ ಟೀಚರೇ, ನಾನು ಎಷ್ಟು ಸಲ ಸೀನಿದೆ ಅಂತನೂ ಬರೀರಿ" ಅನ್ನುತ್ತಿದ್ದಳು.

ಮಕ್ಕಳ ದಿನಾಚರಣೆಗೆ ಗುಡ್ಡದ ಮೇಲಿನ ಬಂಗಲೆಗೆ ಹೋಗಿ ಒಂದು ರಾತ್ರಿ ಇದ್ದು ಬರುವುದೆಂದು ಮೇಡಂ ತೀರ್ಮಾನಿಸಿದರು. ಅದು ತೋಟದವರ ಹಳೆಯ ಬಂಗಲೆ. ಆಗಷ್ಟೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಶುರುಮಾಡಿದ್ದರು. ಎರಡು ಜೀಪಿನಲ್ಲಿ ಇಪ್ಪತ್ತೆರಡು ಮಕ್ಕಳನ್ನು ತುಂಬಿಕೊಂಡು ಹೊರಟೆವು. ದಾರಿಯಲ್ಲಿ ಏಳು ಮಕ್ಕಳು ವಾಂತಿ ಮಾಡಿಕೊಂಡವು. ಏಳಕ್ಕೂ ಬಾಯಿ ತೊಳೆಸಿ, ಸೆರಗಿನಲ್ಲಿ ಒರೆಸಿದ್ದು ಆಯಮ್ಮ. ನಾನು ಬರೆದುಕೊಂಡೆ.

ಸಂಜೆ ನಾಲ್ಕಕ್ಕೆ ಹುಲ್ಲುಗುಡ್ಡ ತೋರಿಸಲು ನಾನೂ ಆಯಮ್ಮನೂ ಮಕ್ಕಳನ್ನು ಕರೆದುಕೊಂಡು ಹೋದೆವು. ಹನ್ನೊಂದು ಜೋಡಿ, ಕೈ ಕೈ ಹಿಡಿದು. ಮೇಡಂ ಅಡುಗೆ ನೋಡಿಕೊಳ್ಳಲು ಬಂಗಲೆಯಲ್ಲೇ ಉಳಿದರು. ಆ ವರ್ಷ ನವೆಂಬರ್ ಬಂದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ. ಐದಕ್ಕೆ ಹಿಂದಿರುಗುವಾಗ ಮಂಜು ಇಳಿಯಿತು. ಕಾಡಿನಿಂದ ದನ ಬರದಂತೆ ತೋಟದ ಅಂಚಿಗೆ ಆಳೆತ್ತರದ ಅಗಳು ತೋಡಿದ್ದರು. ಕಾಲುದಾರಿ ಅದರ ಪಕ್ಕದಲ್ಲೇ ಇತ್ತು. ಮುಂದೆ ಆಯಮ್ಮ, ಹಿಂದೆ ನಾನು. ಬಂಗಲೆಯ ಹೆಂಚು ಕಂಡದ್ದೇ ಮಕ್ಕಳು ಜೋಡಿ ಬಿಟ್ಟು ಓಡಿದವು. ನಾನೂ ಅವುಗಳ ಹಿಂದೆ ಓಡಿದೆ. ಹಿಂದಿರುಗಿ ನೋಡಲಿಲ್ಲ.

ನಮ್ಮ ಕಡೆ ತೋಟದಿಂದಲೋ ಕಾಡಿನಿಂದಲೋ ಬಂದವರು ಇಂಬಳ ನೋಡಿಕೊಳ್ಳದೆ ಮನೆಯೊಳಗೆ ಕಾಲಿಡುವುದಿಲ್ಲ. ಆಯಮ್ಮ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮಗುವನ್ನು ನಿಲ್ಲಿಸಿಕೊಂಡು, ಬೆರಳ ಸಂದಿ, ಮಂಡಿಯ ಹಿಂಭಾಗ, ಚಡ್ಡಿಯ ಅಂಚು ನೋಡಿ, ಉಪ್ಪಿನ ಗಂಟು ಒತ್ತಿ ಇಂಬಳ ಬೀಳಿಸುತ್ತಿದ್ದಳು. ಮುಗಿದ ಮೇಲೆ ಬೆನ್ನಿಗೊಂದು ಮೆಲ್ಲನೆ ಹೊಡೆದು "ಆಯ್ತು" ಅನ್ನುತ್ತಿದ್ದಳು. ಎಲ್ಲರೂ ಆ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು. ಹಾಗಾಗಿ ಇದೇ ಹಾಜರಿಯೂ ಆಗುತ್ತದೆ ಅನ್ನಿಸಿತು. ಹೆಸರು ಕರೆಯುವ ಬದಲು, ಪ್ರತಿ "ಆಯ್ತು"ಗೆ ಮೇಲಿನ ಸಾಲಿನಲ್ಲಿ ಒಂದು ಗೀಟು, ಬಿದ್ದ ಇಂಬಳಗಳಿಗೆ ಕೆಳಗಿನ ಸಾಲಿನಲ್ಲಿ ಗೀಟು ಹಾಕುತ್ತಾ ಹೋದೆ. ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮಕ್ಕಳು ಕಿರುಚುತ್ತಿದ್ದವು, ನಗುತ್ತಿದ್ದವು.

"ನಂಗೆ ಐದು! ನಂಗೆ ಐದು!" ಅಂತ ಒಬ್ಬ ಗುಂಡು ಗುಂಡಗಿನ ಹುಡುಗ ಕುಣಿದ.

"ಐದಲ್ಲ, ಐವತ್ತು ಹತ್ಲಿ. ನಿನ್ನಲ್ಲಿ ರಕ್ತಕ್ಕೆ ಎಂತ ಕಮ್ಮಿ ಮಾರಾಯ, ಒಳಗೆ ನಡಿ" ಅಂದಳು ಆಯಮ್ಮ.

ಐದೂ ಐವತ್ತಕ್ಕೆ ಮುಗಿಯಿತು. ಮೇಡಂ ಒಳಗಿನಿಂದ ಕೇಳಿದರು, "ಎಲ್ಲಾ ಬಂದ್ವಾ?" ನಾನು ಗೀಟು ಎಣಿಸಿ ಹೇಳಿದೆ, "ಇಪ್ಪತ್ತೆರಡು, ಮೇಡಂ."

ಆರೂ ನಲವತ್ತಕ್ಕೆ ಊಟಕ್ಕೆ ಕೂರಿಸಿದಾಗ ಒಂದು ತಟ್ಟೆ ಉಳಿಯಿತು. ಗ್ಯಾರೇಜಿನವರ ಮಗಳು ಇರಲಿಲ್ಲ. ಅವಳಪ್ಪ ನಮ್ಮೂರಿನ ರಸ್ತೆ ಬದಿಯಲ್ಲಿ ಜೀಪು ರಿಪೇರಿ ಮಾಡುವ ಸಾಬರು. ಆಯಮ್ಮ ತಕ್ಷಣ ಸೌಟು ಇಟ್ಟು, "ಹೊರಗೆ ನೋಡ್ತೀನಿ" ಎಂದು ಎದ್ದಳು. ಮೇಡಂ ನನ್ನ ಮುಖ ನೋಡಿದರು. ನಾನು ಹೇಳಿದೆ, "ಇಲ್ಲ, ಒಳಗೆ ಬಂದಿದಾಳೆ. ಪುಸ್ತಕದಲ್ಲಿ ಇಪ್ಪತ್ತೆರಡು ಇದೆ. ಎಲ್ಲೋ ಅಡಗಿ ಕೂತಿರ್ತಾಳೆ."

ಒಂಬತ್ತು ಕೋಣೆ, ಹದಿನಾಲ್ಕು ಮಂಚ, ಆರು ಬೀರು. ಎಲ್ಲವನ್ನೂ ನೋಡಿದೆವು. ಮಂಚದ ಕೆಳಗೆ ಟಾರ್ಚು ಬಿಟ್ಟೆವು. ಬಚ್ಚಲಿನ ಹಂಡೆಯ ಮುಚ್ಚಳ ತೆಗೆದು ನೋಡಿದೆವು. ನಲವತ್ತು ನಿಮಿಷ ಒಳಗೇ ಹುಡುಕಿದೆವು. ಕೊನೆಗೆ ಆಯಮ್ಮ ಯಾರನ್ನೂ ಕೇಳದೆ ವಾಚ್‌ಮನ್‌ನ ಲಾಟೀನು ಕಿತ್ತುಕೊಂಡು ಹೊರಟಳು. ವಾಚ್‌ಮನ್ನೂ ಜೀಪಿನ ಡ್ರೈವರುಗಳೂ ಅವಳ ಹಿಂದೆ ಹೋದರು. ಏಳೂ ಐವತ್ತಕ್ಕೆ ಕೂಗು ಕೇಳಿತು. ಬಂಗಲೆಯ ಮೆಟ್ಟಿಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಅಗಳಿನ ತಳದಲ್ಲಿ, ಮೊಣಕಾಲುದ್ದ ಕೆಸರು ನೀರಿನಲ್ಲಿ ಹುಡುಗಿ ಒರಗಿಕೊಂಡಿದ್ದಳು. ತುಟಿ ಕಪ್ಪಾಗಿತ್ತು. ಆಯಮ್ಮ ಅಗಳಿಗೆ ಧುಮುಕಿ ಅವಳನ್ನು ಎತ್ತಿಕೊಂಡಳು. ಎತ್ತುವಾಗ ಹುಡುಗಿ ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮೇಡಂ ಮತ್ತು ಆಯಮ್ಮ ಒಂದು ಜೀಪಿನಲ್ಲಿ ಅವಳನ್ನು ಮೂಡಿಗೆರೆಗೆ ಕರೆದೊಯ್ದರು. ಅಲ್ಲಿಂದ ಮಂಗಳೂರಿಗೆ ಕಳಿಸಿದರಂತೆ. ಉಳಿದ ಇಪ್ಪತ್ತೊಂದು ಮಕ್ಕಳ ಜೊತೆ ನಾನು ಬೆಳಗಿನವರೆಗೆ ಕೂತಿದ್ದೆ. ಪುಸ್ತಕ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಜೀಪು ಗುಡ್ಡ ಇಳಿಯುವಾಗ ಆ ಗುಂಡು ಹುಡುಗ ಪಕ್ಕದವನಿಗೆ ಹೇಳುತ್ತಿದ್ದ, "ನಂಗೆ ಒಟ್ಟು ಏಳು. ಫಸ್ಟ್ ಐದು. ಒಳಗೆ ಹೋದ್ಮೇಲೆ ಹೊಟ್ಟೆ ಹತ್ರ ಇನ್ನೆರಡು ಸಿಕ್ತು. ಮತ್ತೆ ಹೋಗಿ ಆಯಮ್ಮನ ಹತ್ರ ತೆಗೆಸ್ಕೊಂಡೆ."

ನಾನು ಪುಸ್ತಕ ತೆರೆದೆ. ಕೆಳಗಿನ ಸಾಲಿನಲ್ಲಿ ಕೊನೆಯ ಎರಡು ಗೀಟು, ಅದರ ಮೇಲೆ ಮಕ್ಕಳ ಸಾಲಿನ ಇಪ್ಪತ್ತೆರಡನೆಯ ಗೀಟು. ಅವನು ಎರಡು ಸಲ ಬಂದಿದ್ದ, ಆಯಮ್ಮ ಎರಡು ಸಲ "ಆಯ್ತು" ಅಂದಿದ್ದಳು. ನಾನು ತಲೆ ಎತ್ತದೆ ಗೀಟು ಹಾಕಿದ್ದೆ. ಇದೆಲ್ಲ ನನಗೆ ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೇ ಗೊತ್ತಾಯಿತು. ಸಮಯ ಬರೆಯಲು ಕಾರಣ ಮುಂದಿದೆ.

ಮಂಗಳವಾರ ಹುಡುಗಿಯ ಅಪ್ಪ ಶಾಲೆಗೆ ಬಂದರು. ಮೂರು ದಿನದಿಂದ ಅದೇ ಅಂಗಿ. ಕೂರಿ ಅಂದರೂ ಕೂರಲಿಲ್ಲ.

"ಮಗು ಬಂಗ್ಲೆಗೆ ಬರ್ಲೇ ಇಲ್ಲ ಅಂತದೆ, ಮೇಡಂ. ಚಪ್ಪಲಿ ಕಳಚ್ತು, ಹಾಕ್ಕೊಳ್ಳಕ್ಕೆ ನಿಂತೆ, ಆಮೇಲೆ ಬಿದ್ದೆ ಅಂತದೆ. ಅಲ್ಲಿಂದ ನೀವೆಲ್ಲಾ ನಗೋದು ಕೇಳ್ತಿತ್ತಂತೆ."

"ಜ್ವರದಲ್ಲಿ ಹೇಳೋದದು. ನಾವು ಬಿಟ್ಟು ಬಂದಿಲ್ಲ. ಎಣಿಸಿ ಒಳಗೆ ಬಿಟ್ಟಿದೀವಿ. ಲೆಕ್ಕ ಇದೆ" ಎಂದು ಮೇಡಂ ನನ್ನ ಪುಸ್ತಕ ತೆರೆದು ಅವರ ಮುಂದಿಟ್ಟರು. "ಚಪ್ಪಲಿ ಹುಡುಕ್ಕೊಂಡು ಆಮೇಲೆ ಮತ್ತೆ ಹೊರಗೆ ಹೋಗಿರ್ತಾಳೆ. ಬಾಗ್ಲಲ್ಲಿ ಆಯಮ್ಮ ಇದ್ಲು."

ಅವರು ಆಯಮ್ಮನ ಕಡೆ ತಿರುಗಿದರು. ಆಯಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಯಾರೂ ಹೊರಗೆ ಹೋಗ್ಲಿಲ್ಲ ಸಾಬ್ರೇ. ನನ್ ಮಕ್ಳಾಣೆ. ಒಬ್ಬ ಹುಡುಗ ಎರಡು ಸರ್ತಿ ಬಂದ ನನ್ ಹತ್ರ, ಅದು ನೆನಪದೆ ನಂಗೆ. ಟೀಚರನ್ನೇ ಕೇಳಿ."

ಮೇಡಂ ನನ್ನನ್ನು ಕೇಳಿದರು, "ಹಾಗಂತ ಬರ್ದಿದೀಯಾ?"

ನಾನು ಹೇಳಿದೆ, "ಪುಸ್ತಕದಲ್ಲಿ ಇಪ್ಪತ್ತೆರಡು ಅಂತ ಇದೆ."

ಅದು ಸುಳ್ಳಲ್ಲ. ಪುಸ್ತಕದಲ್ಲಿ ಹಾಗೇ ಇತ್ತು. ಆಯಮ್ಮ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದು ನನಗೆ ಹೇಳಲು ಬರುವುದಿಲ್ಲ. ಸಾಬರು ಆಮೇಲೆ ಅವಳಿಗೆ ಅಂದ ಮಾತುಗಳನ್ನು ನಾನು ಆ ದಿನವೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಆಯಮ್ಮ ಮಧ್ಯಾಹ್ನ ಮಕ್ಕಳ ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿ ಹೊರಟುಹೋದಳು. ಬುಧವಾರದಿಂದ ಬರಬೇಡವೆಂದು ಮೇಡಂ ಹೇಳಿದ್ದರು.

ಹದಿನೆಂಟು ದಿನ ಸುಮ್ಮನಿದ್ದೆ. ಆಯಮ್ಮ ಇಲ್ಲದೆ ಒಂದೂ ಮಗು ಮಧ್ಯಾಹ್ನ ಮಲಗುತ್ತಿರಲಿಲ್ಲ. ಹೊಸಬರು ಯಾರೂ ಆ ಕೆಲಸಕ್ಕೆ ಬರಲಿಲ್ಲ. ಮಗು ಕಳೆದ ಆಯಮ್ಮನೆಂದು ಹೆಸರಾದ ಮೇಲೆ ಅವಳನ್ನು ಊರಲ್ಲಿ ಯಾರೂ ಮನೆಗೆಲಸಕ್ಕೂ ಕರೆಯಲಿಲ್ಲವೆಂದೂ, ಅವಳು ಕಳಸದ ಕಡೆ ತಂಗಿಯ ಮನೆಗೆ ಹೋದಳೆಂದೂ ಕೇಳಿದೆ. ಡಿಸೆಂಬರ್ ೫, ಶನಿವಾರ, ಮೇಡಂಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು.

"ನಿಂಗೆ ಯಾವಾಗ ಗೊತ್ತಾಯ್ತು?"

"ಭಾನುವಾರ ಬೆಳಿಗ್ಗೆ."

"ಅವತ್ತೇ ಹೇಳಿದ್ರೆ ನಾನು ಏನಾದ್ರೂ ಮಾಡ್ತಿದ್ದೆ. ಈಗ ಹೇಳಿದ್ರೆ ಶಾಲೆ ಮುಚ್ಬೇಕು. ಸುಮ್ನಿರು." ಎದ್ದು ಬಾಗಿಲು ತೆಗೆಯುತ್ತಾ, "ಅವತ್ತು ಹೇಳಿದ್ರೂ ನಾನೇನು ಮಾಡ್ತಿದ್ನೋ" ಅಂದರು.

ಅಲ್ಲಿಂದ ಗ್ಯಾರೇಜಿಗೆ ಹೋದೆ. ಸಾಬರು ಜೀಪಿನ ಕೆಳಗೆ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳಿಗೇ ನಾನು ಎಲ್ಲ ಹೇಳಿದೆ, ಇಂಬಳ, ಗೀಟು, ಒಳಗೇ ಹುಡುಕಿದ ನಲವತ್ತು ನಿಮಿಷ. ಸ್ಪ್ಯಾನರಿನ ಸದ್ದು ನಿಂತಿತು. ಅವರು ತೆವಳಿಕೊಂಡು ಹೊರಗೆ ಬಂದರು.

"ನಾನು ಆಯಮ್ಮಂಗೆ ಏನೇನಂದೆ, ನೀವು ಅಲ್ಲೇ ನಿಂತು ಕೇಳಿಸ್ಕೊಂಡ್ರಿ."

"ಹೌದು."

"ಮಗು ಎತ್ಕೊಂಡು ಬಂದೋಳಿಗೆ." ಅವರು ಕೈ ಒರೆಸಿಕೊಳ್ಳುತ್ತಲೇ ಇದ್ದರು. "ನನ್ ಹತ್ರ ಯಾಕೆ ಬಂದ್ರಿ ಟೀಚರ್? ನಾನು ಮಾಫಿ ಮಾಡೋಕೆ ಇದೇನು ನನ್ ಒಬ್ಬಂದಾ? ಹೋಗಿ, ಮೊದ್ಲು ಅಲ್ಲಿಗೆ ಹೋಗಿ."

ಮರುದಿನ ಭಾನುವಾರ ಮೊದಲ ಬಸ್ಸಿಗೆ ಕಳಸಕ್ಕೆ ಹೋಗಿ, ಅಲ್ಲಿಂದ ವಿಚಾರಿಸಿಕೊಂಡು ಎರಡು ಮೈಲಿ ನಡೆದು ತೋಟವೊಂದಕ್ಕೆ ಬಂದೆ. ಕಾಫಿ ಕೊಯ್ಲಿನ ಕಾಲ, ಭಾನುವಾರವೂ ಕೆಲಸವಿತ್ತು. ಆಯಮ್ಮ ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿನ ಕೊನೆಯ ಗಿಡದಲ್ಲಿ ಹಣ್ಣು ಕುಯ್ಯುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಬಿಟ್ಟ ಕೆಲಸ. ಬೆರಳುಗಳಿಗೆ ಬಟ್ಟೆ ಸುತ್ತಿದ್ದಳು.

"ಓ ಟೀಚರಮ್ಮ. ಇಲ್ಲಿ ಯಾರನ್ನ ಎಣಿಸಕ್ಕೆ ಬಂದ್ರಿ?"

ನಾನು ಹೇಳಿದೆ. ಪೂರ್ತಿ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತಲ್ಲ ಅದು. ನಿಮಗೂ ಗೊತ್ತದೆ ಅಂತ ಅವತ್ತೇ ನಿಮ್ ಮುಖ ನೋಡ್ದಾಗ ಗೊತ್ತಾಯ್ತು."

"ನಾನು ಎಲ್ರಿಗೂ ಹೇಳ್ತೀನಿ. ಮೇಡಂ ಹತ್ರ ಮತ್ತೆ ಮಾತಾಡ್ತೀನಿ. ನೀವು ವಾಪಸ್ ಬನ್ನಿ."

"ಬಂದು? ನಾಳೆ ಒಂದು ಕೂಸು ಎಡವಿ ಬಿದ್ರೂ ಎಲ್ರೂ ನನ್ ಕಡೆ ನೋಡ್ತಾರೆ. ನಾನೂ ನನ್ ಕಡೆ ನೋಡ್ಕೋತೀನಿ." ಅವಳು ಕೊಂಬೆ ಬಗ್ಗಿಸಿದಳು. "ಬೇಡ ಟೀಚರೇ. ಗಿಡ ಆದ್ರೆ ಇದ್ದಲ್ಲೇ ಇರ್ತದೆ. ಆ ಕೂಸಿನ ಕಾಲು ಹೆಂಗದೆ?"

"ಪಟ್ಟಿ ಹಾಕಿದಾರೆ. ಸೊಂಟದವರೆಗೆ. ಇನ್ನೂ ಎರಡು ತಿಂಗಳು ಅಂತೆ. ಒಂದು ಕಾಲು ಸ್ವಲ್ಪ ಗಿಡ್ಡ ಆಗ್ಬಹುದು ಅಂದಿದಾರೆ."

ಆಗ ಅವಳ ಕೈ ನಿಂತಿತು. ಚೀಲದೊಳಗೆ ನೋಡುತ್ತಾ ನಿಂತಳು.

"ನನ್ನ ಕೇಳ್ತದಾ?"

"ದಿನಾ ಕೇಳ್ತಾಳಂತೆ. ಅವರಪ್ಪ ಹೇಳಿದ್ರು."

ಇದು ಸುಳ್ಳು. ಸಾಬರು ಹಾಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

"ಕೇಳಿದ್ರೆ ಕಾಫಿ ಕುಯ್ಯಕ್ಕೆ ಹೋಗಿದಾಳೆ ಅನ್ನಿ" ಅಂದಳು. ಕೆಳಗಿನ ಸಾಲಿನಿಂದ ಮೇಸ್ತ್ರಿ, "ಅದ್ಯಾರು ಮಾರಾಯ್ತಿ, ನೆಂಟ್ರಾ? ಮಾತು ಸಾಕು" ಎಂದು ಕೂಗಿದ. "ನೆಂಟರಲ್ಲ" ಎಂದು ಅವನಿಗೆ ಉತ್ತರಿಸಿ, ಆಯಮ್ಮ ಚೀಲ ಎಳೆದುಕೊಂಡು ಮುಂದಿನ ಗಿಡಕ್ಕೆ ಹೋದಳು.