ರಾತ್ರಿಯ ಮುದ್ದೆ

ತಳ ಹಿಡಿದ ರಾಗಿ ಹಿಟ್ಟಿನ ವಾಸನೆ ನಿಮ್ಮ ಮೂಗಿಗೂ ಬಂದಿದ್ದರೆ ಕ್ಷಮಿಸಿ. ಕೋಗಿಲು ಊರಿನ ನಮ್ಮ ಬೀದಿಗೆಲ್ಲ ಬಂದಿದೆ. ಎಪ್ಪತ್ತು ದಾಟಿದ ಮೇಲೆ ಹಿಟ್ಟು ತೊಳಸಲು ಕಲಿಯುತ್ತಿದ್ದೇನೆ. ಎಷ್ಟು ತಿರುವಿದರೂ ಗಂಟು. ಸಂಜೆಯಾದರೆ ನನ್ನ ಹೆಂಡತಿ ಮುನಿರತ್ನಮ್ಮನ ತೋಳುಗಳು ಸೋಲುತ್ತವೆ, ಹಾಗಾಗಿ ಮುದ್ದೆ ಕೋಲು ನನ್ನ ಕೈಗೆ ಬಂದಿದೆ.

ಕೆಲವು ವರ್ಷಗಳ ಹಿಂದೆ ಈ ಸೋಲು ಶುರುವಾದಾಗ ನಾನು ಅದನ್ನು ಕೊಬ್ಬು ಎಂದುಕೊಂಡಿದ್ದೆ. ಬೆಳಿಗ್ಗೆ ಸರಿಯಾಗಿಯೇ ಇರುತ್ತಿದ್ದಳಲ್ಲ! ತಂಗಿಯ ಜೊತೆ ಫೋನಿನಲ್ಲಿ ಮುಗಿಯದ ಮಾತು, ತಂಗಳು ಮುದ್ದೆಯನ್ನೂ ಮುಗಿಸುವ ಹಸಿವು. ಕತ್ತಲಾಗುತ್ತಿದ್ದಂತೆ ಮಾತು ಮೂಗಿನೊಳಗೆ ಇಳಿಯುವುದು, ಎಡಗಣ್ಣಿನ ರೆಪ್ಪೆ ಜೋಲುವುದು, ಮುದ್ದೆ ತಟ್ಟೆಯಲ್ಲೇ ಉಳಿಯುವುದು. ನಾನು ಎದುರಿಗೆ ಕೂತಾಗಲೇ ಯಾಕೆ? ನಮ್ಮ ಕಡೆ ಮುದ್ದೆಯನ್ನು ಅಗಿಯುವವರನ್ನು ಕಂಡರೇ ನಗುತ್ತಾರೆ. ಇವಳು ಅಗಿದೂ ಅಗಿದೂ ಬಿಟ್ಟುಬಿಡುತ್ತಿದ್ದಳು.

ಒಂದು ರಾತ್ರಿ ತಟ್ಟೆ ಸರಿಸಿದಳು. "ಯಾರ್ ಮೇಲೆ ಕೋಪ ನಿಂಗೆ? ನುಂಗೇ!" ಎಂದು ಗದರಿದೆ. ನನ್ನ ಮುಖ ನೋಡುತ್ತಲೇ ನುಂಗಿದಳು. ಸಾರು ಮೂಗಿನಲ್ಲಿ ಬಂತು, ತುತ್ತು ಗಂಟಲಲ್ಲಿ ನಿಂತಿತು. ಬೆನ್ನು ಗುದ್ದಿ ಗುದ್ದಿ ಅದನ್ನು ಹೊರಗೆ ಬರಿಸಿದೆ. ಉಸಿರಿಗಾಗಿ ಅವಳು ಒದ್ದಾಡಿದ ಸದ್ದನ್ನು ನಾನು ಮರೆತಿಲ್ಲ, ಮರೆಯಲೂಬಾರದು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗ್ಲೌಸಿನೊಳಗೆ ಐಸ್ ತುಂಬಿ ಜೋತ ರೆಪ್ಪೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ತೆಗೆದರೆ ಕಣ್ಣು ಅರಳಿತ್ತು.

"ನರ ಸ್ನಾಯುಗೆ ಅಂಟ್ಕೊಂಡಿರಲ್ಲ ಯಜಮಾನ್ರೇ. ಮಧ್ಯೆ ಸಣ್ಣ ಸಂದಿ ಇರತ್ತೆ. ನರ ಅಲ್ಲಿ ಒಂದ್ ರಾಸಾಯನಿಕ ಬಿಡತ್ತೆ, ಸ್ನಾಯು ಅದನ್ನ ಹಿಡ್ಕೊಂಡ್ರೇನೇ ಕೆಲಸ. ಇವ್ರಿಗೆ ಆ ಹಿಡ್ಕೊಳ್ಳೋ ಜಾಗಗಳನ್ನ ಮೈಯೇ ಹಾಳ್ ಮಾಡ್ತಿದೆ."

"ನರ ಅಂದ್ರೆ ಕರೆಂಟ್ ವೈರ್ ಥರ ಅಲ್ವಾ ಮೇಡಂ? ನಾನೂ ಹೈಸ್ಕೂಲಲ್ಲಿ ಓದಿದೀನಿ," ಎಂದು ವಾದಕ್ಕಿಳಿದೆ. ನೋಡಿ ನನ್ನ ಬುದ್ಧಿ.

"ವೈರ್ ಸಂದಿ ತನಕ ಅಷ್ಟೇ. ಬೆಳಿಗ್ಗೆ ರೆಸ್ಟ್ ಆಗಿರತ್ತೆ, ನಡಿಯತ್ತೆ. ಬಳಸ್ತಾ ಬಳಸ್ತಾ ಸಂಜೆಗೆ ಸೋಲತ್ತೆ. ನರ ಹೇಳ್ತಾನೇ ಇದೆ, ಸ್ನಾಯುಗೆ ಕೇಳಿಸ್ತಿಲ್ಲ."

ಮುನಿರತ್ನಮ್ಮ ಮೂಗಿನಲ್ಲೇ, "ಉಳಿದ ಐಸ್ ಇವ್ರ ಕಿವಿ ಮೇಲಿಡಿ ಡಾಕ್ಟ್ರೇ" ಎಂದಳು.

ಆ ರಾಸಾಯನಿಕವನ್ನು ಸಂದಿಯಲ್ಲಿ ಇನ್ನಷ್ಟು ಹೊತ್ತು ಉಳಿಸುವ ಮಾತ್ರೆ ಕೊಟ್ಟರು. ಊಟಕ್ಕೆ ಮುಂಚೆ ತೆಗೆದುಕೊಂಡು ಕಾಯಬೇಕು. ಗಂಟಲು ಸುಧಾರಿಸಿತು. ಸುಧಾರಿಸದೇ ಉಳಿದದ್ದು ಇನ್ನೊಂದು. ತಟ್ಟೆ ಸರಿಸುವ ಮುಂಚೆ ನನ್ನ ಮುಖ ನೋಡುತ್ತಿದ್ದಳು, ಬಿಡಲೋ ನುಂಗಲೋ ಎಂಬಂತೆ. "ಬೇಡ ಅಂದ್ರೆ ಬೇಡ ಅನ್ನು ಮಾರಾಯ್ತಿ!" ಎಂದು ರೇಗುತ್ತಿದ್ದೆ. ರೇಗಿದರೆ ಇನ್ನೊಂದು ತುತ್ತು ನುಂಗುತ್ತಿದ್ದಳು. ಇಂಥ ಪಾಡನ್ನು ಯಾರಿಗೆ ಹೇಳಲಿ?

ಈಗ ತಾನೇ ಬಡಿಸಿದೆ. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಸಲೀಸಾಗಿ ನುಂಗಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ತಟ್ಟೆಯನ್ನು ನೂಕಿದಳು.

"ಗಾಬ್ರಿ ಬೀಳ್ಬೇಡಿ, ಕಾಯಿಲೆ ಅಲ್ಲ. ಬರೀ ಗಂಟು, ಸೀದಿರೋ ವಾಸ್ನೆ ಬೇರೆ. ಮನುಷ್ಯರು ತಿಂತಾರೇನ್ರೀ ಇದನ್ನ?"

ಪಕ್ಕದ ಮನೆಗೂ ಕೇಳಿಸುವಂಥ ದನಿ. ನಾನು ಅವಳ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಅಯ್ಯೋ, ಎಂಜ್ಲು ಕಣ್ರೀ!"

ಮುದ್ದೆ ನಿಜಕ್ಕೂ ನುಂಗುವಂತಿರಲಿಲ್ಲ. ನುಂಗಿದೆ.