ಚುಚ್ಚಿದ ಬೆರಳುಗಳು

ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮುನ್ನ ಡಾಕ್ಟರ್ ಪ್ಯೊ ಒಲೆಯ ಮೇಲೆ ಅಂಗೈ ಚಾಚಿ ನಿಲ್ಲುತ್ತಿದ್ದರು. ತಣ್ಣನೆಯ ಕೈ ಹೊಟ್ಟೆ ಮುಟ್ಟಿದರೆ ಮನುಷ್ಯ ಮುದುಡುತ್ತಾನೆ, ಮುದುಡಿದವನು ಬಾಯಿ ಬಿಡುವುದಿಲ್ಲ. ಕೈ ಬೆಚ್ಚಗಾಗುವಷ್ಟು ಹೊತ್ತು ಒಂದೇ ಪ್ರಾರ್ಥನೆ: ಇವತ್ತೂ ಕೇಳುವ ಕಿವಿ ಕೊಡಪ್ಪ. ಕೊರಿಯಾದ ದಕ್ಷಿಣ ಕರಾವಳಿಯ ಆ ಸಣ್ಣ ಬಂದರಿನಲ್ಲಿ ಮೂವತ್ತೊಂದು ವರ್ಷ ಇದು ತಪ್ಪಿರಲಿಲ್ಲ. ಈಚೆಗೆ ಮಾತ್ರ ಕೈ ಬೆಚ್ಚಗಾದರೂ ಮೈ ಏಳುತ್ತಿರಲಿಲ್ಲ.

ಸಮುದ್ರದ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ದುಡಿಯುವ ವೊಲ್ಸನಮ್ಮ ಮೂರು ತಿಂಗಳಿಂದ ಬರುತ್ತಿದ್ದಳು. ಪ್ರತಿ ಸಲವೂ ಒಂದೇ ದೂರು, ತಿಂದದ್ದು ಎದೆಯಲ್ಲೇ ನಿಂತಿದೆ. ಆ ಊರಿನವರಿಗೆ ಏನೇ ಆದರೂ ಎದೆಯಲ್ಲೇ ನಿಲ್ಲುತ್ತದೆ. ಹೆಬ್ಬೆರಳಿಗೆ ದಾರ ಸುತ್ತಿ, ಸೂಜಿ ಚುಚ್ಚಿ, ಕಪ್ಪು ರಕ್ತ ತೆಗೆದರೆ ಇಳಿಯುತ್ತದೆಂಬ ನಂಬಿಕೆ. ಪ್ಯೊ ಕೂಡ ಅಮ್ಮನ ಕೈಲಿ ಚುಚ್ಚಿಸಿಕೊಂಡೇ ಬೆಳೆದವರು. ಜೀರ್ಣದ ಮಾತ್ರೆ ಬರೆದು ಬರೆದು ಕಳಿಸುತ್ತಿದ್ದರು.

ಆ ಗುರುವಾರ ನಾಡಿ ಹಿಡಿದಾಗ ಅವಳ ಹತ್ತೂ ಬೆರಳ ತುದಿ ಕಂಡವು. ಗಾಯದ ಮೇಲೆ ಗಾಯ.

"ಏನಕ್ಕ, ಬೆರಳೇನು ಸೂಜಿ ಚುಚ್ಚೋ ದಿಂಬಾ?" ಎಂದಳು ನರ್ಸ್ ಮಿಗ್ಯೊಂಗ್.

ಶೆಡ್ಡಿನಲ್ಲಿ ಎಲ್ಲರನ್ನೂ ಆಡಿಕೊಂಡು ನಗಿಸುತ್ತಿದ್ದ ವೊಲ್ಸನಮ್ಮ ಬೆರಳು ಮಡಚಿ ಮುಷ್ಟಿ ಮಾಡಿಕೊಂಡಳು. ಪ್ಯೊ ನರ್ಸನ್ನು ಹೊರಗೆ ಕಳಿಸಿದರು. ಹೊಟ್ಟೆಯ ಮಾತು ಬಿಟ್ಟು, ಚಳಿಗಾಲಕ್ಕೆಂದು ಉಪ್ಪು ಖಾರ ಬೆರೆಸಿ ಹಾಕಿಡುವ ಕಿಮ್ಚಿಗೆ ಈ ಸಲ ಎಷ್ಟು ಕೋಸು ಹಾಕಿದಿರಿ ಎಂದು ಕೇಳಿದರು.

"ಹಾಕ್ಲಿಲ್ಲ ಡಾಕ್ಟ್ರೇ. ಕೋಸು ಅಂಗಳದಲ್ಲೇ ಕೊಳೀತು. ನೋಡ್ತಾ ಕೂತಿದ್ದೆ."

ಕಿಮ್ಚಿ ಹಾಕದ ಮನೆ ಅಲ್ಲಿರಲಿಲ್ಲ; ಆ ಊರಿನ ಯಾವ ಹೆಂಗಸಿನ ಬಾಯಲ್ಲೂ ಅವರು ಈ ಮಾತು ಕೇಳಿರಲಿಲ್ಲ. ನಿದ್ದೆಯ ಬಗ್ಗೆ ಕೇಳಿದರು, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದೆಯೇ ಎಂದು ಕೇಳಿದರು. ಕೊನೆಗೆ, ಸಾಯಬೇಕು ಅನಿಸುತ್ತದೆಯೇ ಎಂದೂ ನೇರವಾಗಿ ಕೇಳಿದರು.

"ಸಾಯ್ಬೇಕು ಅಂತಲ್ಲ. ಬೆಳಗಾಗ್ದೇ ಇದ್ರೆ ಸಾಕು ಅನ್ಸುತ್ತೆ."

ಇದು ಹೊಟ್ಟೆಯದಲ್ಲ, ಮನಸ್ಸಿನ ಕಾಯಿಲೆ, ಮೂರು ತಿಂಗಳು ಗುರುತಿಸದ ತಪ್ಪು ನನ್ನದು ಎಂದರು ಪ್ಯೊ. ಪಟ್ಟಣದ ದೊಡ್ಡಾಸ್ಪತ್ರೆಗೆ ಅವಳು ಒಪ್ಪಲಿಲ್ಲ. ಶೆಡ್ಡಿನವರು ಹುಚ್ಚಿ ಅನ್ನುತ್ತಾರಂತೆ. ಹಾಗಾದರೆ ಈ ಮಾತ್ರೆ ನುಂಗಿ, ಮುಂದಿನ ಗುರುವಾರ ತಪ್ಪದೆ ಇಲ್ಲಿಗೇ ಬನ್ನಿ ಎಂದರು. ಅವಳು ಪೊಟ್ಟಣ ಹಿಡಿದು ಹೋದಳು.

ಗುರುವಾರ ಬಂತು. ಅವಳು ಬರಲಿಲ್ಲ. ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಸಂಜೆ ಮಿಗ್ಯೊಂಗಳ ಗಂಡ ಕಾರು ತಂದ. ಗುಡ್ಡದ ಮೇಲಿನ ತಮ್ಮ ಮನೆಗೆ ಹತ್ತುವಾಗ ಡಾಕ್ಟರು ಮಂಡಿ ಹಿಡಿದು ನಿಲ್ಲುವುದನ್ನು ಅವನು ಕಂಡವನು.

"ಬನ್ನಿ ಡಾಕ್ಟ್ರೇ, ಮನೆ ಬಾಗಿಲಿಗೇ ಬಿಡ್ತೀನಿ. ನಿಮ್ಮ ಮುಖ ಹಿಂಡಿದ ಬಟ್ಟೆ ಥರ ಆಗಿದೆ."

ಪ್ಯೊ ಕುರ್ಚಿ ಬಿಟ್ಟು ಏಳಲಿಲ್ಲ.

"ನೀವು ಹೊರಡಿ ಮಾರಾಯ್ರೇ. ಶೆಡ್ಡಿನ ಕಡೆಯಿಂದ ಬರೋ ಕೊನೇ ಬಸ್ಸು ಇನ್ನೂ ಬಂದಿಲ್ಲ."